ಚಿರೆಕಲ್ಲಿನ ಒಲೆಯಲ್ಲಿ ಇಡೀ ಹಂದಿ: ಮೇ ರಜೆಯ ಊಟಕ್ಕೊಂದು ಮಾರ್ಗದರ್ಶಿ

ಮೇ ತಿಂಗಳ ರಜೆಯಲ್ಲಿ ಮುಂಬೈ, ಗೋವಾ ಮತ್ತು ಕೊಲ್ಲಿ ದೇಶಗಳಲ್ಲಿರುವ ಮಕ್ಕಳು, ಮೊಮ್ಮಕ್ಕಳು ಊರಿಗೆ ಬಂದು ಸೇರಿದಾಗ ಕಾರವಾರ, ಅಂಕೋಲಾ, ಹೊನ್ನಾವರ ಕಡೆಯ ಕ್ರೈಸ್ತ ಮನೆಗಳಲ್ಲಿ ಒಂದು ದಿನವಾದರೂ ಹಂದಿಮಾಂಸದ ಊಟವಿರುತ್ತದೆ. ಹೆಚ್ಚಾಗಿ ಅದು ಸಾರ್ಪೊಟೆಲ್ ಅಥವಾ ವಿಂದಾಲು, ಅಂದರೆ ಮಾಂಸವನ್ನು ತುಂಡು ಮಾಡಿ ಪಾತ್ರೆಯಲ್ಲಿ ಬೇಯಿಸುವ ಅಡುಗೆ. ಇಡೀ ಹಂದಿಯನ್ನು ಕೆಂಡದ ಮೇಲೆ ಸುಟ್ಟು 40 ಮಂದಿಗೆ ಬಡಿಸುವುದು ಬೇರೆಯದೇ ಕೆಲಸ. ಮನೆಯ ಹಿಂದೆ ಸ್ವಲ್ಪ ಬಯಲು, ಭಾರ ಎತ್ತಬಲ್ಲ ನಾಲ್ಕು ಜನ ಮತ್ತು ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಒಲೆಯ ಬಳಿಯಿಂದ ಕದಲದ ಒಬ್ಬ ಮನುಷ್ಯ ಇದ್ದರೆ ಇದನ್ನು ಮನೆಯಲ್ಲೇ ಮಾಡಬಹುದು. ಮಸಾಲೆಯ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ಊಟದ ರುಚಿಯನ್ನು ನಿರ್ಧರಿಸುವುದು ಕೆಂಡವನ್ನು ಎಲ್ಲಿ ಹಾಕುತ್ತೀರಿ ಮತ್ತು ಎಷ್ಟು ಹೊತ್ತಿಗೊಮ್ಮೆ ಹಾಕುತ್ತೀರಿ ಎಂಬುದು. ಆದ್ದರಿಂದ ಈ ಬರಹದ ಬಹುಪಾಲು ಒಲೆ ಮತ್ತು ಕೆಂಡದ ಬಗ್ಗೆಯೇ ಇದೆ.

ಹಂದಿಯನ್ನು ಆರಿಸುವುದು

ತಲೆ, ಕಾಲು, ಚರ್ಮಸಹಿತವಾಗಿ ಸ್ವಚ್ಛಗೊಳಿಸಿದ ಹಂದಿಯ ತೂಕದಲ್ಲಿ ಬೆಂದ ಮೇಲೆ ತಟ್ಟೆಗೆ ಬರುವುದು ಸುಮಾರು ಶೇಕಡಾ 40 ಮಾತ್ರ. ಉಳಿದದ್ದು ಮೂಳೆಯಲ್ಲಿ, ಕರಗಿ ಹೋಗುವ ಕೊಬ್ಬಿನಲ್ಲಿ ಮತ್ತು ಆವಿಯಾಗುವ ನೀರಿನಲ್ಲಿ ಕಳೆಯುತ್ತದೆ. ಈ ಲೆಕ್ಕದಲ್ಲಿ 25 ಕೆ.ಜಿ. ತೂಗುವ ಸ್ವಚ್ಛ ಮಾಡಿದ ಹಂದಿಯಿಂದ 10 ಕೆ.ಜಿ. ಮಾಂಸ ಸಿಗುತ್ತದೆ. 40 ಜನಕ್ಕೆ ತಲಾ 250 ಗ್ರಾಂ ಆಯಿತು, ಅಷ್ಟು ಸಾಕು. ಕೊಯ್ದು ಸ್ವಚ್ಛಗೊಳಿಸಿದಾಗ ಜೀವಂತ ತೂಕದ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಕಡಿಮೆಯಾಗುವುದರಿಂದ ನೀವು ಸಾಕಣೆದಾರರಲ್ಲಿ ಸುಮಾರು 35 ಕೆ.ಜಿ. ತೂಗುವ ಹಂದಿಯನ್ನು ಕೇಳಬೇಕು. ಬಿಳಿ ಯಾರ್ಕ್‌ಶೈರ್ ಅಥವಾ ಅದರ ಮಿಶ್ರ ತಳಿಯಾದರೆ ಈ ತೂಕಕ್ಕೆ ಬರುವ ಹೊತ್ತಿಗೆ ಅದರ ವಯಸ್ಸು ಮೂರೂವರೆ, ನಾಲ್ಕು ತಿಂಗಳ ಆಸುಪಾಸಿನಲ್ಲಿರುತ್ತದೆ. ಮೊದಲ ಸಲ ಮಾಡುವವರು ಇದಕ್ಕಿಂತ ದೊಡ್ಡದನ್ನು ತರುವುದು ಬೇಡ. ತೂಕ ಹೆಚ್ಚಿದಂತೆ ಬೇಯುವ ಹೊತ್ತು ಮಾತ್ರವಲ್ಲ, ಮಗುಚುವಾಗಿನ ಅಪಾಯವೂ ಹೆಚ್ಚುತ್ತದೆ.

ಗೋವಾದ ಕಡೆ ಹಾಲು ಕುಡಿಯುವ ಮರಿಯನ್ನೇ ಸುಡುವ ಪದ್ಧತಿಯಿದೆ. ಮಾಂಸ ಮೃದುವಾಗಿರುತ್ತದೆ ಎಂಬುದೇನೋ ನಿಜ, ಆದರೆ ಆರೇಳು ಕೆ.ಜಿ.ಯ ಮರಿ ದೊಡ್ಡ ಊಟಕ್ಕೆ ಸಾಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಮೂರು ತಿಂಗಳು ತುಂಬದ ಪ್ರಾಣಿಯನ್ನು ಕೊಯ್ಯುವಂತಿಲ್ಲ. ಪಶುವೈದ್ಯರು ಪರೀಕ್ಷಿಸಿ ಯೋಗ್ಯವೆಂದು ಪ್ರಮಾಣೀಕರಿಸಿರಬೇಕು, ಮತ್ತು ನಗರಸಭೆ, ಪುರಸಭೆಗಳ ವ್ಯಾಪ್ತಿಯಲ್ಲಿ ಪರವಾನಗಿ ಪಡೆದ ಕಸಾಯಿಖಾನೆಯ ಹೊರಗೆ ಕೊಯ್ಯುವುದಕ್ಕೂ ಅವಕಾಶವಿಲ್ಲ. ಹಿತ್ತಲಲ್ಲಿ ಕೊಯ್ಯುವ ಯೋಚನೆಯನ್ನು ಬಿಟ್ಟು, ಕನಿಷ್ಠ ಎರಡು ವಾರ ಮೊದಲೇ ಪರವಾನಗಿ ಇರುವವರ ಬಳಿ ಹೇಳಿಟ್ಟು, ಸ್ವಚ್ಛ ಮಾಡಿದ ಹಂದಿಯನ್ನೇ ತರಿಸಿಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು.

ಹೇಳಿಡುವಾಗ ಮೂರು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಚರ್ಮ ಸುಲಿಯಬಾರದು, ಬಿಸಿನೀರು ಹಾಕಿ ಕೂದಲನ್ನು ಹೆರೆದಿರಬೇಕು. ತಲೆಯನ್ನು ಬೇರ್ಪಡಿಸಬಾರದು. ಹೊಟ್ಟೆಯ ಕಡೆಯಿಂದ ಎದೆಮೂಳೆಯನ್ನು ಸೀಳಿ, ಒಳಗಿನಿಂದಲೇ ಬೆನ್ನುಮೂಳೆಗೆ ಉದ್ದಕ್ಕೂ ಕತ್ತಿಯ ಪೆಟ್ಟು ಹಾಕಿ, ಬೆನ್ನಿನ ಚರ್ಮ ಹರಿಯದಂತೆ ಇಡೀ ಹಂದಿ ಪುಸ್ತಕದ ಹಾಗೆ ಮಟ್ಟಸವಾಗಿ ತೆರೆದುಕೊಳ್ಳುವಂತೆ ಮಾಡಿಕೊಡಬೇಕು. ಈ ಮೂರನೆಯದನ್ನು ಮನೆಯಲ್ಲಿ ಮಾಡಲು ಹೊರಟರೆ ಚರ್ಮ ಹರಿಯುವ ಸಂಭವವೇ ಹೆಚ್ಚು.

ಮಾಂಸ ಕೈಗೆ ಬಂದಾಗ ತೊಡೆ, ಭುಜ ಮತ್ತು ನಾಲಗೆಯನ್ನು ಬೆಳಕಿನಲ್ಲಿ ನೋಡಿ. ಸ್ನಾಯುವಿನ ನಡುವೆ ಅಕ್ಕಿಕಾಳಿನಿಂದ ಅವರೆಕಾಳಿನಷ್ಟು ದೊಡ್ಡದಾದ, ನೀರು ತುಂಬಿದ ಬಿಳಿ ಗುಳ್ಳೆಗಳು ಕಂಡರೆ ಅವು ಲಾಡಿಹುಳುವಿನ ಮರಿಗಳಿರುವ ಚೀಲಗಳು. ಅಂಥ ಮಾಂಸವನ್ನು ಹಿಂದಿರುಗಿಸಬೇಕು. ಐಸ್ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಅವು ಸಾಯುವುದಿಲ್ಲ.

ಒಲೆ ಕಟ್ಟುವುದು

ಹಂದಿಯನ್ನು ಉದ್ದದ ಸರಳಿಗೆ ಪೋಣಿಸಿ ತಿರುಗಿಸುತ್ತ ಸುಡುವ ಚಿತ್ರ ಎಲ್ಲರ ಕಣ್ಣಮುಂದಿರುತ್ತದೆ. ನೋಡಲು ಅದು ಚೆಂದ. ಆದರೆ ಮಾಂಸ ಬೆಂದು ಸಡಿಲವಾದ ಮೇಲೆ ಹಂದಿ ಸರಳಿನ ಮೇಲೆ ನಿಲ್ಲದೆ ಜಾರುತ್ತದೆ, ಸರಳು ಮಾತ್ರ ತಿರುಗುತ್ತ ಭಾರವಾದ ಬದಿ ಯಾವಾಗಲೂ ಕೆಳಗೇ ಉಳಿಯುತ್ತದೆ. ಇದನ್ನು ತಡೆಯಲು ಬೆನ್ನುಮೂಳೆಯನ್ನು ಸರಳಿಗೆ ಬಿಗಿಯುವ ಕೊಂಡಿಗಳು, ಸಮತೋಲದ ಭಾರ, ಮೋಟಾರು ಎಲ್ಲವೂ ಬೇಕು. ವರ್ಷಕ್ಕೊಂದು ಸಲ ಮಾಡುವ ಮನೆಯವರಿಗೆ ನಾನು ಸೂಚಿಸುವುದು ಚಿರೆಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಒಲೆ ಮತ್ತು ಎರಡು ಕಬ್ಬಿಣದ ಜಾಲರಿ. ಇದರಲ್ಲಿ ಹಂದಿಯನ್ನು ಒಮ್ಮೆ ಮಗುಚಿದರೆ ಮುಗಿಯಿತು.

ಜಾಗ ಆರಿಸುವಾಗ ಮೇಲೆ ನೋಡಬೇಕು, ಸುತ್ತಲೂ ನೋಡಬೇಕು. ತೆಂಗಿನ ಮರದಡಿ ಬೇಡ. ಒಣಗಿದ ಹೆಡೆ ಬೀಳುವುದು ಒಂದು ಭಯವಾದರೆ, ಕೊಬ್ಬಿಗೆ ಬೆಂಕಿ ಹತ್ತಿದಾಗ ಜ್ವಾಲೆ ಆಳೆತ್ತರಕ್ಕೆ ಏಳುವುದು ಇನ್ನೊಂದು ಭಯ. ಮೇ ತಿಂಗಳಲ್ಲಿ ಹಿತ್ತಲ ಹುಲ್ಲು ಪೂರ್ತಿ ಒಣಗಿರುತ್ತದೆ, ಆದ್ದರಿಂದ ಒಲೆಯ ಸುತ್ತ ಮೂರು ಮೀಟರ್ ಕೆರೆದು ನೀರು ಹಾಕಿರಬೇಕು. ಹುಲ್ಲಿನ ಬಣವೆ, ಕಟ್ಟಿಗೆ ಕೊಟ್ಟಿಗೆಗಳು ದೂರವಿರಬೇಕು. ಸಿಮೆಂಟ್ ಅಂಗಳದ ಮೇಲೆ ನೇರವಾಗಿ ಒಲೆ ಹೂಡಿದರೆ ಕಾವಿಗೆ ಸಿಮೆಂಟ್ ಸಿಡಿದು ಚಕ್ಕೆ ಏಳುತ್ತದೆ. ಕಡಲತೀರದಲ್ಲಿ ಮಾಡೋಣ ಎಂಬ ಆಸೆ ಹುಡುಗರಿಗೆ ಬಂದೇ ಬರುತ್ತದೆ, ಅದನ್ನು ಒಪ್ಪಬೇಡಿ. ಅಲ್ಲಿ ಗಾಳಿಯನ್ನು ತಡೆಯಲಾಗುವುದಿಲ್ಲ, ಮರಳಿನಡಿ ಹೂತುಹೋದ ಕೆಂಡ ಗಂಟೆಗಟ್ಟಲೆ ಹಾಗೆಯೇ ಉಳಿದು ಬರಿಗಾಲಲ್ಲಿ ಓಡಾಡುವ ಮಕ್ಕಳ ಪಾದ ಸುಡುತ್ತದೆ.

ನೆಲದ ಮೇಲೆ ನಾಲ್ಕು ಬೆರಳು ದಪ್ಪ ಮರಳು ಹಾಸಿ, ಅದರ ಮೇಲೆ ಚಿರೆಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ, ಒಳಗಿನ ಅಳತೆ 5 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರ ಇರುವಂತೆ ಒಲೆ ಕಟ್ಟಿ. ಎರಡೂ ಕಿರಿಯ ಬದಿಗಳಲ್ಲಿ ನೆಲಮಟ್ಟದ ಒಂದೊಂದು ಕಲ್ಲನ್ನು ಹೊರಗೆಳೆಯಲು ಬರುವಂತೆ ಸಡಿಲವಾಗಿ ಇಟ್ಟರೆ ಅದೇ ಕೆಂಡ ಹಾಕುವ ಬಾಯಿಯಾಗುತ್ತದೆ. ಹೊಳೆಯ ಉರುಟು ಕಲ್ಲುಗಳನ್ನು ಎಲ್ಲಿಯೂ ಬಳಸಬೇಡಿ. ಒಳಗೆ ಸೇರಿಕೊಂಡ ನೀರು ಆವಿಯಾಗಿ ಅವು ಸಿಡಿಯುತ್ತವೆ. ಚಿರೆಕಲ್ಲೂ ನೀರು ಹೀರುವ ಕಲ್ಲೇ, ಆದ್ದರಿಂದ ಮಳೆಯಲ್ಲಿ ನೆನೆದ ಕಲ್ಲಾದರೆ ಹಿಂದಿನ ಸಂಜೆ ಒಲೆಯೊಳಗೆ ಸಣ್ಣ ಬೆಂಕಿ ಹಾಕಿ ಒಣಗಿಸಿಕೊಳ್ಳಬೇಕು.

ಜಾಲರಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕು. ಕಲ್ಲಿನ ಗೋಡೆಯ ಮೇಲೆ ನಾಲ್ಕೂ ಕಡೆ ಕೂರುವಷ್ಟು ದೊಡ್ಡದಾದ, ಒಂದೇ ಅಳತೆಯ ಎರಡು ಚೌಕಟ್ಟು, ಅವುಗಳಿಗೆ ನಾಲ್ಕು ಇಂಚಿಗೊಂದರಂತೆ ಅಡ್ಡ ಸರಳು, ಎರಡೂ ತುದಿಯಲ್ಲಿ ಹಿಡಿಯಲು ಉದ್ದ ಬಿಟ್ಟ ಹಿಡಿಕೆ. ಬರಿಯ ಕಬ್ಬಿಣವಾದರೆ ಸಾಕು, ಸ್ಟೀಲ್ ಆದರೆ ಇನ್ನೂ ಒಳ್ಳೆಯದು. ನಮ್ಮ ಕರಾವಳಿಯಲ್ಲಿ ತುಕ್ಕು ಹಿಡಿಯದಿರಲೆಂದು ಮನೆ ಕಟ್ಟಲು ಬಣ್ಣದ ಲೇಪವಿರುವ ಸರಳುಗಳನ್ನು ಬಳಸುವುದುಂಟು. ಅಂಥ ಸರಳಾಗಲಿ, ಸತುವಿನ ಲೇಪವಿರುವ ಜಿ.ಐ. ಸರಳು, ಜಿ.ಐ. ತಂತಿಯಾಗಲಿ ಮಾಂಸಕ್ಕೆ ತಾಗಕೂಡದು. ಹೊಸ ಜಾಲರಿಯನ್ನು ಒಮ್ಮೆ ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ, ಎಣ್ಣೆ ಜಿಡ್ಡು ಸುಟ್ಟುಹೋದ ಮೇಲೆ ತೊಳೆದಿಟ್ಟುಕೊಳ್ಳಿ.

ಮೇಲೆ ಮುಚ್ಚಲು ತೆಳುವಾದ ಕಬ್ಬಿಣದ ತಗಡು ಬೇಕು. ಹಿತ್ತಲಲ್ಲಿ ಬಿದ್ದಿರುವ ಹಳೆಯ ಸಿಮೆಂಟ್ ಶೀಟು ಇದಕ್ಕೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದರಲ್ಲಿ ಕಲ್ನಾರು ಇರುತ್ತದೆ, ಕಾವಿಗೆ ಗುಂಡು ಹೊಡೆದಂತೆ ಸಿಡಿಯುತ್ತದೆ, ಅದರ ನಾರು ಶ್ವಾಸಕೋಶಕ್ಕೆ ವಿಷ.

ಇದ್ದಿಲು ಮತ್ತು ಕಟ್ಟಿಗೆ

ಈ ಗಾತ್ರದ ಹಂದಿಗೆ 35 ಕೆ.ಜಿ. ಇದ್ದಿಲು ಇಟ್ಟುಕೊಂಡರೆ ನಿಶ್ಚಿಂತೆ. ಇದ್ದಿಲು ಸಿಗದಿದ್ದರೆ ಗಾಳಿ ಮರದ ಅಥವಾ ಅಕೇಶಿಯಾದ ಒಣ ಕಟ್ಟಿಗೆ ಒಂದೂವರೆ ಕ್ವಿಂಟಾಲ್ ಬೇಕಾಗುತ್ತದೆ. ಗಾಳಿ ಮರದ ಕೆಂಡ ಗಟ್ಟಿಯಾಗಿದ್ದು ಬಹಳ ಹೊತ್ತು ಉಳಿಯುತ್ತದೆ. ತೆಂಗಿನ ಗರಟೆ ಬೇಗ ಹೊತ್ತಿ ಜೋರಾಗಿ ಕಾಯುವುದರಿಂದ ಅದನ್ನು ಕೊನೆಯಲ್ಲಿ ಚರ್ಮ ಗರಿಗರಿಯಾಗಿಸುವ ಹೊತ್ತಿಗೆ ಎತ್ತಿಟ್ಟುಕೊಳ್ಳಿ.

ಯಾವ ಕಟ್ಟಿಗೆ ಬಳಸಬಾರದೆಂಬುದು ಇದಕ್ಕಿಂತ ಮುಖ್ಯ. ಗೇರು ಮರದ ತೊಗಟೆಯಲ್ಲಿಯೂ ಬೀಜದ ಸಿಪ್ಪೆಯಲ್ಲಿಯೂ ಚರ್ಮ ಸುಡುವ ಎಣ್ಣೆಯಿದೆ, ಅದರ ಹೊಗೆ ಕಣ್ಣಿಗೂ ಗಂಟಲಿಗೂ ಕೆಟ್ಟದ್ದು. ಮುಟ್ಟಿದರೆ ಬೊಕ್ಕೆ ಏಳಿಸುವ ಹೊಲಗೇರು, ಬೀಜದಲ್ಲಿ ಕಡುವಿಷವಿರುವ ಕಾಸರಕ, ಕಣಗಿಲೆ ಇವುಗಳ ಒಂದು ಕಡ್ಡಿಯೂ ಒಲೆಗೆ ಹೋಗಬಾರದು. ಕಾಡಿನಿಂದ ಹೊತ್ತು ತಂದ ಗುರುತಿಲ್ಲದ ಕಟ್ಟಿಗೆಯನ್ನು ಅದಕ್ಕೇ ಬೇಡವೆನ್ನುವುದು. ಹಳೆಯ ದೋಣಿಯ ಹಲಗೆ, ಬಣ್ಣ ಬಳಿದ ಕಿಟಕಿಯ ಚೌಕಟ್ಟು, ಪ್ಲೈವುಡ್ ಇವೂ ಅದೇ ಸಾಲಿಗೆ ಸೇರಿದವು.

ಇದ್ದಿಲನ್ನಾಗಲಿ ಕಟ್ಟಿಗೆಯನ್ನಾಗಲಿ ಹಂದಿಯ ಕೆಳಗೆ ಹೊತ್ತಿಸುವ ಕ್ರಮವಿಲ್ಲ. ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಪಕ್ಕದ ಬೆಂಕಿ ಹಾಕಿಕೊಂಡು, ಅಲ್ಲಿ ಹೊಗೆಯೆಲ್ಲ ಹೋಗಿ ಮೇಲೆ ಬೂದಿಯ ತೆಳು ಪದರ ಕಟ್ಟಿದ ಕೆಂಡವನ್ನು ಮಾತ್ರ ಸಲಿಕೆಯಲ್ಲಿ ತಂದು ಒಲೆಗೆ ಹಾಕಬೇಕು. ಅರ್ಧ ಹೊತ್ತಿದ ಇದ್ದಿಲಿನ ದಟ್ಟ ಹೊಗೆ ಕೊಬ್ಬಿಗೆ ಅಂಟಿಕೊಂಡರೆ ಮಾಂಸ ಕಹಿಯಾಗುತ್ತದೆ, ಆಮೇಲೆ ಯಾವ ಮಸಾಲೆಯಿಂದಲೂ ಅದನ್ನು ಸರಿಪಡಿಸಲಾಗದು. ಬೆಂಕಿ ಹೊತ್ತಿಸಲು ಸೀಮೆಎಣ್ಣೆ ಬೇಡ, ಒಣ ತೆಂಗಿನ ಗರಿ ಮತ್ತು ಸಿಪ್ಪೆ ಸಾಕು.

ಹಿಂದಿನ ದಿನದ ಕೆಲಸ

ಹಿಂದಿನ ದಿನ ಮಧ್ಯಾಹ್ನ ಮಾಂಸ ಮನೆಗೆ ಬರುವಂತೆ ಏರ್ಪಾಡು ಮಾಡಿ. 32 ಡಿಗ್ರಿಗಿಂತ ಹೆಚ್ಚು ಸೆಕೆಯಿರುವಾಗ ಹಸಿ ಮಾಂಸ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಮತ್ತು ಮೇ ತಿಂಗಳ ಕಾರವಾರದಲ್ಲಿ ಹಗಲಿನ ತಾಪಮಾನ ಅದಕ್ಕಿಂತ ಕೆಳಗಿರುವುದು ಅಪರೂಪ. ಮನೆಯ ಫ್ರಿಜ್ಜಿನಲ್ಲಿ ಇಡೀ ಹಂದಿ ಹಿಡಿಸುವುದಿಲ್ಲವಾದ್ದರಿಂದ ದೊಡ್ಡ ಟಬ್ಬಿಗೆ ತಾಡಪಾಲು ಹಾಸಿ ಐಸ್‌ನಲ್ಲಿ ಇಡಬೇಕು. ಕಾರವಾರದ ಬೈತಖೋಲ ಬಂದರಿನ ಕಡೆ ಮೀನಿಗೆಂದು ತಯಾರಾಗುವ ಐಸ್ ಸಿಗುತ್ತದೆ, 40 ಕೆ.ಜಿ. ತರಿಸಿಕೊಳ್ಳಿ. ಆದರೆ ಅದು ಕುಡಿಯುವ ನೀರಿನ ಐಸ್ ಎಂದು ತಿಳಿಯಬಾರದು. ಪುಡಿ ಮಾಡಿ ಗಟ್ಟಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಬಾಯಿ ಕಟ್ಟಿ, ಹಂದಿಯ ಕೆಳಗೆ, ಮೇಲೆ ಮತ್ತು ಮಡಚಿದ ಹೊಟ್ಟೆಯ ಒಳಗೆ ಇಟ್ಟರೆ ಐಸ್ ಕರಗಿದ ನೀರು ಮಾಂಸಕ್ಕೆ ತಾಗುವುದಿಲ್ಲ, ಮೀನಿನ ವಾಸನೆಯೂ ಹಿಡಿಯುವುದಿಲ್ಲ.

ಐಸ್‌ಗೆ ಹಾಕುವ ಮೊದಲು ಉಳಿದ ಕೂದಲನ್ನು ಹೊಸ ಬ್ಲೇಡಿನಿಂದ ಹೆರೆಯಿರಿ. ಕಿವಿಯ ಹಿಂದೆ, ಕಂಕುಳಲ್ಲಿ, ಗೊರಸಿನ ಸಂದಿಯಲ್ಲಿ ಅವು ಉಳಿದೇ ಇರುತ್ತವೆ. ಒಳಗೆ ಪಕ್ಕೆಗಳ ಕೆಳಗೆ ಪದರವಾಗಿ ಅಂಟಿರುವ ಸಡಿಲ ಕೊಬ್ಬನ್ನು ಕೈಯಿಂದಲೇ ಎಳೆದು ತೆಗೆಯಬಹುದು. ಅದನ್ನು ಬಿಟ್ಟರೆ ಮರುದಿನ ಕೆಂಡದ ಮೇಲೆ ತೊಟ್ಟಿಕ್ಕಿ ಬೆಂಕಿ ಎಬ್ಬಿಸುತ್ತದೆ. ತೊಡೆಯ ಮತ್ತು ಭುಜದ ದಪ್ಪ ಭಾಗಕ್ಕೆ ಒಳಬದಿಯಿಂದ ಆಳವಾಗಿ ಮೂರು ನಾಲ್ಕು ಗೀರು ಹಾಕಿ, ಚರ್ಮದವರೆಗೆ ಹೋಗಬಾರದು.

ಮಸಾಲೆಗೆ ಬ್ಯಾಡಗಿ ಮೆಣಸು 150 ಗ್ರಾಂ, ಬೆಳ್ಳುಳ್ಳಿ 250 ಗ್ರಾಂ, ಶುಂಠಿ 150 ಗ್ರಾಂ, ಕಾಳುಮೆಣಸು 50 ಗ್ರಾಂ, ಜೀರಿಗೆ 40 ಗ್ರಾಂ, ದಾಲ್ಚಿನ್ನಿ 15 ಗ್ರಾಂ, ಲವಂಗ 10 ಗ್ರಾಂ, ಎರಡು ಚಮಚ ಅರಿಶಿನ ಮತ್ತು 350 ಗ್ರಾಂ ಉಪ್ಪು. ಇವನ್ನು ನೀರು ಹಾಕದೆ ಮುಕ್ಕಾಲು ಲೀಟರ್ ಕಳ್ಳಿನ ವಿನೆಗರ್‌ನಲ್ಲಿಯೇ ನುಣ್ಣಗೆ ರುಬ್ಬಬೇಕು. ಕಾಳುಮೆಣಸು ಶಿರಸಿ, ಸಿದ್ದಾಪುರ ಕಡೆಯ ಹೊಸ ಫಸಲಾದರೆ ಪರಿಮಳವೇ ಬೇರೆ. ಬೆಲ್ಲ, ಸಕ್ಕರೆ ಬೇಡ, ಅವು ಮಾಂಸ ಬೇಯುವ ಮೊದಲೇ ಕರಕಾಗುತ್ತವೆ. ರುಬ್ಬಿದ್ದನ್ನು ಒಳಬದಿಗೆ, ಗೀರುಗಳಿಗೆ, ಪಕ್ಕೆಯ ಸಂದುಗಳಿಗೆ ಒತ್ತಿ ಹಚ್ಚಿ. ಚರ್ಮದ ಮೇಲೆ ಮಸಾಲೆಯ ಒಂದು ಹನಿಯೂ ಇರಬಾರದು. ಚರ್ಮಕ್ಕೆ ಬೇಕಾದ್ದು ಉಪ್ಪು ಮತ್ತು ಒಣತನ, ಇವೆರಡೇ.

ಕೊಯ್ದಾಗ ಸಿಕ್ಕಿದ ಯಕೃತ್ತು, ಹೃದಯಗಳಿಂದ ಅದೇ ಸಂಜೆ ಸಾರ್ಪೊಟೆಲ್ ಮಾಡಿಟ್ಟರೆ ಮರುದಿನಕ್ಕೆ ಹುಳಿ ಹಿಡಿದು ರುಚಿ ಏರುತ್ತದೆ. ಮಾಡಿ ತಣಿದ ಕೂಡಲೇ ಅದು ಫ್ರಿಜ್ಜಿಗೆ ಹೋಗಬೇಕು. ಪಕ್ಕದ ಮನೆಯವರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿಬರುವುದೂ ಈ ದಿನದ ಕೆಲಸವೇ. ಹಂದಿ ತಿನ್ನದವರ ಅಂಗಳಕ್ಕೆ ಅರ್ಧ ದಿನ ಹೊಗೆ ಹೋಗುವುದಾದರೆ ಒಲೆಯನ್ನು ಬೇರೆ ಮೂಲೆಗೆ ಸರಿಸುವುದೇ ಮರ್ಯಾದೆ.

ಬೆಳಗಿನ ಜಾವ

ನಮ್ಮ ತೀರದಲ್ಲಿ ಹೊತ್ತು ಏರಿದಂತೆ ಪಡುಗಾಳಿ ಬೀಸತೊಡಗಿ ಮಧ್ಯಾಹ್ನಕ್ಕೆ ಜೋರಾಗುತ್ತದೆ. ಗಾಳಿ ಬಂದರೆ ಕೆಂಡ ಒಂದು ಬದಿ ಧಗಧಗಿಸಿ, ಇನ್ನೊಂದು ಬದಿ ತಣ್ಣಗಾಗಿ, ಒಲೆ ಹಿಡಿತಕ್ಕೆ ಸಿಗುವುದಿಲ್ಲ. ರಾತ್ರಿ ಊಟಕ್ಕೆಂದು ಮಧ್ಯಾಹ್ನ ಒಲೆ ಹೂಡುವವರು ಗಾಳಿ ಮತ್ತು ಸೆಕೆ ಎರಡನ್ನೂ ಎದುರಿಸಬೇಕಾಗುತ್ತದೆ. ಆದ್ದರಿಂದ ಮಧ್ಯಾಹ್ನದ ಊಟಕ್ಕೆ ಮಾಡುವುದೇ ಸರಿ. 4.30ಕ್ಕೆ ಪಕ್ಕದ ಬೆಂಕಿ, 5.30ಕ್ಕೆ ಹಂದಿ ಒಲೆಯ ಮೇಲೆ, 11.15ರ ಸುಮಾರಿಗೆ ಮಗುಚುವುದು, 12ಕ್ಕೆ ಕೆಳಗಿಳಿಸುವುದು, 1 ಗಂಟೆಗೆ ಊಟ. ಪಶ್ಚಿಮದ ಬದಿಗೆ ಒಂದು ತಗಡನ್ನು ನಿಲ್ಲಿಸಿಟ್ಟಿರಿ. ಮೇ ಕೊನೆಯ ವಾರಕ್ಕೆ ಈ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ಮುಂಗಾರಿಗೆ ಮೊದಲಿನ ಗುಡುಗು ಮಳೆ ಹೇಳಿ ಬರುವುದಿಲ್ಲ.

ಬೆಂಕಿ ಹೊತ್ತಿಸಿದ ಕೂಡಲೇ ಹಂದಿಯನ್ನು ಐಸ್‌ನಿಂದ ತೆಗೆದು ಚರ್ಮವನ್ನು ಒಣ ಬಟ್ಟೆಯಿಂದ ಒರೆಸಬೇಕು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ತಣ್ಣನೆಯ ಚರ್ಮದ ಮೇಲೆ ಮತ್ತೆ ಮತ್ತೆ ನೀರು ಕಟ್ಟುತ್ತದೆ. ಟೇಬಲ್ ಫ್ಯಾನ್ ಹಚ್ಚಿ, ಒರೆಸುತ್ತ, ಕೊನೆಗೆ ಎರಡು ಹಿಡಿ ಉಪ್ಪನ್ನು ಇಡೀ ಚರ್ಮಕ್ಕೆ ತಿಕ್ಕಿ. ಕಿವಿ, ಮೂತಿ, ಬಾಲ, ಕಾಲಿನ ತುದಿಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. ಒಂದು ಜಾಲರಿಯ ಮೇಲೆ ಹಂದಿಯನ್ನು ಒಳಬದಿ ಕೆಳಗಾಗಿ, ಚರ್ಮ ಮೇಲಾಗಿ ಬಿಡಿಸಿಟ್ಟು, ಅದರ ಮೇಲೆ ಎರಡನೆಯ ಜಾಲರಿಯನ್ನು ಕವುಚಿ, ನಾಲ್ಕು ಮೂಲೆ ಮತ್ತು ನಡುಭಾಗಗಳಲ್ಲಿ ಸ್ಟೀಲ್ ತಂತಿಯಿಂದ ಬಿಗಿದು ಒಲೆಯ ಮೇಲಿಡಬೇಕು.

ಈಗ ಇಡೀ ಕೆಲಸದ ತಿರುಳಾದ ಕೆಂಡದ ವಿಷಯ. ಹಂದಿಯ ತೊಡೆ ಮತ್ತು ಭುಜ ದಪ್ಪ, ಹೊಟ್ಟೆ ಮತ್ತು ಪಕ್ಕೆ ತೆಳು. ಒಲೆಯ ತುಂಬ ಕೆಂಡ ಹರಡಿದರೆ ತೊಡೆ ಬೇಯುವ ಹೊತ್ತಿಗೆ ಪಕ್ಕೆ ಇದ್ದಿಲಾಗಿರುತ್ತದೆ, ಮೇಲಾಗಿ ಹೊಟ್ಟೆಯಿಂದ ಸುರಿಯುವ ಕೊಬ್ಬು ನೇರ ಕೆಂಡದ ಮೇಲೆ ಬಿದ್ದು ಉರಿಯುತ್ತದೆ. ಆದ್ದರಿಂದ ಕೆಂಡ ಇರಬೇಕಾದದ್ದು ನಾಲ್ಕು ಮೂಲೆಗಳಲ್ಲಿ ಮಾತ್ರ: ಎರಡು ತೊಡೆಗಳ ಕೆಳಗೆ, ಎರಡು ಭುಜಗಳ ಕೆಳಗೆ. ನಡುವೆ ಬರಿಯ ಮರಳು. ಮೊದಲಿಗೆ ಮೂಲೆಗೆ 2 ಕೆ.ಜಿ.ಯಂತೆ 8 ಕೆ.ಜಿ. ಇದ್ದಿಲಿನ ಕೆಂಡ ಹಾಕಿ, ತಗಡು ಮುಚ್ಚಿ. ಆ ಮೇಲೆ 40, 45 ನಿಮಿಷಕ್ಕೊಮ್ಮೆ ನಾಲ್ಕೂ ಮೂಲೆಗೆ ಸೇರಿ ಎರಡೂವರೆ ಕೆ.ಜಿ.ಯಷ್ಟು ಹೊಸ ಕೆಂಡ. ಪಕ್ಕದ ಬೆಂಕಿಗೆ ಹಸಿ ಇದ್ದಿಲು ಹಾಕುವುದು ಅದಕ್ಕೆ ಅರ್ಧ ಗಂಟೆ ಮೊದಲು. ಈ ಸರಣಿ ಒಮ್ಮೆ ತಪ್ಪಿದರೆ ಒಲೆ ತಣ್ಣಗಾಗಿ, ಅದನ್ನು ಮತ್ತೆ ಏರಿಸಲು ಹೋಗಿ ಕಾವು ಮಿತಿ ಮೀರುತ್ತದೆ. ಹಾಗಾಗಿ ಸಲಿಕೆ ಒಬ್ಬರ ಕೈಯಲ್ಲೇ ಇರಲಿ, ಬಂದ ಬಂದ ನೆಂಟರೆಲ್ಲ ಒಂದೊಂದು ಸಲಿಕೆ ಹಾಕುವುದು ಬೇಡ.

ಜಾಲರಿಯ ಮಟ್ಟದಲ್ಲಿ ಕಾವು 110ರಿಂದ 120 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಾಪಕವಿಲ್ಲದವರು ತಗಡನ್ನು ಸ್ವಲ್ಪ ಸರಿಸಿ ಅಂಗೈಯನ್ನು ಜಾಲರಿಯ ಮೇಲೆ ಹಿಡಿದು ನಿಧಾನವಾಗಿ ಎಣಿಸಿ ನೋಡುವುದುಂಟು. ಏಳೆಂಟರವರೆಗೆ ತಡೆಯಲಾದರೆ ಸರಿ, ನಾಲ್ಕಕ್ಕೇ ಕೈ ಹಿಂದೆ ಬಂದರೆ ಕಾವು ಹೆಚ್ಚು. ಒಲೆಗೆ ಈ ಅಂದಾಜು ನಡೆಯುತ್ತದೆ, ಮಾಂಸಕ್ಕೆ ನಡೆಯುವುದಿಲ್ಲ. ಮಾಂಸದ ಒಳಗಿನ ಕಾವು ನೋಡಲು ಚುಚ್ಚುವ ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಅದು ಸರಿಯಿದೆಯೇ ಎಂದು ಕುದಿಯುವ ನೀರಿನಲ್ಲಿ ಪರೀಕ್ಷಿಸಿಕೊಳ್ಳಬಹುದು: ಕಾರವಾರದಲ್ಲಿ 100 ತೋರಿಸಬೇಕು, ಘಟ್ಟದ ಮೇಲಿನ ಶಿರಸಿಯಲ್ಲಾದರೆ 98ರ ಹತ್ತಿರ.

ಗಂಟೆಗೊಮ್ಮೆ ಹೊರತು ತಗಡು ತೆರೆಯಬೇಡಿ. ಮೂರು ಗಂಟೆ ಕಳೆದ ಮೇಲೆ ತೊಡೆಯ ಒಳಗಿನ ಕಾವು 65, 70 ಡಿಗ್ರಿಯ ನಡುವೆ ಬಂದು ಅಲ್ಲಿಯೇ ಒಂದು ಗಂಟೆ ನಿಂತುಬಿಡಬಹುದು. ಮಾಂಸದಿಂದ ಬೆವರಿದಂತೆ ಹೊರಬರುವ ನೀರು ಆವಿಯಾಗುತ್ತ ಅದನ್ನು ತಣಿಸುತ್ತಿರುತ್ತದೆ, ಒಲೆಯಲ್ಲಿ ದೋಷವೇನಿಲ್ಲ. ಈ ಹೊತ್ತಿನಲ್ಲಿಯೇ ಊಟ ತಡವಾದೀತೆಂಬ ಗಾಬರಿಯಲ್ಲಿ ಹೆಚ್ಚು ಕೆಂಡ ಸುರಿಯುವುದು ನಡೆಯುತ್ತದೆ. ಸುರಿಯಬೇಡಿ.

ಕೊಬ್ಬಿಗೆ ಬೆಂಕಿ ಹತ್ತಿದರೆ ನೀರು ಎರಚಬಾರದು. ನೀರು ಬಿದ್ದ ಕೊಬ್ಬು ಸಿಡಿದು ಜ್ವಾಲೆ ಇನ್ನಷ್ಟು ಹರಡುತ್ತದೆ, ಬೂದಿಯೆಲ್ಲ ಮಾಂಸಕ್ಕೆ ಹಾರುತ್ತದೆ. ಕೆಂಡದ ಬಾಯಿಯನ್ನು ಕಲ್ಲಿನಿಂದ ಮುಚ್ಚಿ, ತಗಡನ್ನು ಬಿಗಿಯಾಗಿ ಒತ್ತಿ ಗಾಳಿ ತಡೆದರೆ ಅದು ತಾನಾಗಿ ಅಡಗುತ್ತದೆ, ಅಡಗದಿದ್ದರೆ ಉರಿಯುವ ಜಾಗಕ್ಕೆ ಒಂದು ಸಲಿಕೆ ಮರಳು ಹಾಕಿ. ಎರಡು ಬಕೆಟ್ ಮರಳು, ನೆನೆಸಿದ ಗೋಣಿಚೀಲ ಕೈಗೆಟಕುವಂತೆ ಇರಲಿ. ಮಕ್ಕಳು ಒಲೆಯ ಬಳಿ ಬರದಂತೆ ಹಗ್ಗ ಕಟ್ಟಿ.

ಮಗುಚುವುದು ಮತ್ತು ಗರಿಗರಿ ಚರ್ಮ

ತೊಡೆಯ ಮತ್ತು ಭುಜದ ಅತಿ ದಪ್ಪ ಜಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದ ಮಾಪಕ ನಾಲ್ಕೂ ಕಡೆ 75 ಡಿಗ್ರಿ ತೋರಿಸಿದಾಗ ಮಗುಚುವ ಹೊತ್ತಾಯಿತು. ಬಿಡಿ ತುಂಡುಗಳಿಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಇದ್ದರೆ ಸಾಕೆಂಬ ಲೆಕ್ಕವಿದೆ. ಇಡೀ ಹಂದಿಯಲ್ಲಿ ಒಂದೊಂದು ಕಡೆ ಒಂದೊಂದು ಕಾವು ಇರುವುದರಿಂದ ಆ ಲೆಕ್ಕವನ್ನು ನಂಬಿಕೊಳ್ಳುವುದು ಕ್ಷೇಮವಲ್ಲ. ಭುಜದ ಮಾಂಸವಂತೂ 80 ದಾಟಿದ ಮೇಲೆಯೇ ಮೃದುವಾಗುವುದು.

ತಂತಿಗಳು ಬಿಗಿಯಾಗಿವೆಯೇ ಎಂದು ನೋಡಿ, ದಪ್ಪ ಚರ್ಮದ ಕೈಗವಸು ಹಾಕಿದ ನಾಲ್ವರು ಹಿಡಿಕೆ ಹಿಡಿದು, ಒಬ್ಬರ ಮಾತಿನಂತೆ ಒಟ್ಟಿಗೆ ಎತ್ತಿ, ಒಲೆಯಿಂದ ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲಿ ಮಗುಚಿ ಮತ್ತೆ ತಂದಿಡಬೇಕು. ಒಲೆಯ ಮೇಲೆಯೇ ಮಗುಚಲು ಹೋದರೆ ಕರಗಿದ ಕುದಿ ಕೊಬ್ಬು ಕೆಂಡದ ಮೇಲೆ ಸುರಿಯುತ್ತದೆ. ಎಲ್ಲರ ಕಾಲಿಗೆ ಬೂಟು ಇರಲಿ, ಚಪ್ಪಲಿಯಲ್ಲಿ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು. ಬಿಯರ್ ಬಾಟಲಿ ತೆರೆಯುವುದೂ ಇದು ಮುಗಿದ ಮೇಲೆ.

ಚರ್ಮ ಕೆಳಗಾದ ಮೇಲೆ ಕಟ್ಟಿದ ಮೇಲಿನ ಜಾಲರಿಯನ್ನು ಬಿಚ್ಚಿ ತೆಗೆಯಬಹುದು. ಒಲೆಯಲ್ಲಿದ್ದ ಕೆಂಡವನ್ನು ನಾಲ್ಕು ಮೂಲೆಗಳಿಂದ ಸ್ವಲ್ಪ ಒಳಕ್ಕೆ ಎಳೆದು, ಗರಟೆಯ ಹೊಸ ಕೆಂಡ ಸೇರಿಸಿ, ಈಗ ಮಾತ್ರ ತೆಳುವಾಗಿ ಎಲ್ಲ ಕಡೆ ಹರಡಿ. ಮೇಲಿರುವ ಒಳಬದಿಗೆ ವಿನೆಗರ್, ನೀರು, ಉಪ್ಪು ಬೆರೆಸಿದ್ದನ್ನು ಕೋಲಿಗೆ ಕಟ್ಟಿದ ಹೊಸ ಬಟ್ಟೆಯಿಂದ ಸವರುತ್ತಿರಿ. ಚರ್ಮ ಮೊದಲು ಚರ್ಮದ ಚಪ್ಪಲಿಯಂತೆ ಗಟ್ಟಿಯಾಗಿ, ಆಮೇಲೆ ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದು, ಚಿಟಿಚಿಟಿ ಸದ್ದು ಮಾಡುತ್ತ ಹೊಂಬಣ್ಣಕ್ಕೆ ತಿರುಗುತ್ತದೆ. ಚಮಚದ ಹಿಡಿಯಿಂದ ತಟ್ಟಿದರೆ ಹಪ್ಪಳದ ಸದ್ದು ಬರಬೇಕು. ಇದಕ್ಕೆ 30ರಿಂದ 45 ನಿಮಿಷ ಹಿಡಿಯುತ್ತದೆ, ಆದರೆ ಗಡಿಯಾರ ನೋಡುತ್ತ ಕೂರುವ ಕೆಲಸ ಇದಲ್ಲ. ಐದು ನಿಮಿಷಕ್ಕೊಮ್ಮೆ ಒಂದು ಮೂಲೆ ಎತ್ತಿ ಇಣುಕಬೇಕು, ಎಲ್ಲಿ ಕಪ್ಪಾಗುತ್ತಿದೆಯೋ ಅಲ್ಲಿನ ಕೆಂಡವನ್ನು ಸಲಿಕೆಯಿಂದ ಸರಿಸಬೇಕು. ಹೊಂಬಣ್ಣದಿಂದ ಕರಕಲಿಗೆ ಹೋಗಲು ಎರಡು ಮೂರು ನಿಮಿಷ ಸಾಕು.

ಕತ್ತರಿಸುವುದು, ಬಡಿಸುವುದು

ಕೆಳಗಿಳಿಸಿ ಬಾಳೆಲೆ ಹಾಸಿದ ಮೇಜಿನ ಮೇಲಿಟ್ಟು ಅರ್ಧ ಗಂಟೆ ಬಿಡಿ. ಮೇಲೆ ಏನನ್ನಾದರೂ ಬಿಗಿಯಾಗಿ ಮುಚ್ಚಿದರೆ ಆವಿಗೆ ಚರ್ಮ ಮೆತ್ತಗಾಗುತ್ತದೆ. ಮೊದಲು ಚರ್ಮವನ್ನು ಹಾಳೆ ಹಾಳೆಯಾಗಿ ಬಿಡಿಸಿ ಬೇರೆ ತಟ್ಟೆಗೆ ತೆಗೆದು, ಬಡಿಸುವಾಗ ಎಲ್ಲರಿಗೂ ಒಂದೊಂದು ಚೂರು ಬರುವಂತೆ ಒಬ್ಬರು ಕಾವಲಿರಬೇಕು, ಇಲ್ಲದಿದ್ದರೆ ಅಡುಗೆಮನೆಯಿಂದ ಹಂತಿಗೆ ಬರುವಷ್ಟರಲ್ಲಿ ಅದು ಖಾಲಿ. ಭುಜದ ಮಾಂಸ ಕೈಯಿಂದಲೇ ಎಳೆಎಳೆಯಾಗಿ ಬಿಡುತ್ತದೆ. ತೊಡೆಯನ್ನು ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ಯಬೇಕು. ಕೆನ್ನೆಯ ಎರಡು ತುಂಡು ಇಡೀ ಹಂದಿಯಲ್ಲೇ ಉತ್ತಮವಾದದ್ದು, ಅದು ಸಲಿಕೆ ಹಿಡಿದವರಿಗೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಹಸಿ ಮಾಂಸಕ್ಕೆ ಬಳಸಿದ ಕತ್ತಿ, ಹಲಗೆ, ಟಬ್ಬುಗಳನ್ನು ಸೋಪಿನಲ್ಲಿ ತೊಳೆಯದೆ ಇಲ್ಲಿಗೆ ತರಕೂಡದು.

ಜೊತೆಗೆ ಬೇಕರಿಯ ಪಾವ್ ಮತ್ತು ಇಡ್ಲಿಯಂಥ ಸಾನ್ನ, ಈರುಳ್ಳಿ ಸೌತೆಕಾಯಿಗೆ ವಿನೆಗರ್ ಹಿಂಡಿದ ಕಚಂಬರಿ ಸಾಕು. ಕೊಬ್ಬಿನ ಊಟಕ್ಕೆ ಹುಳಿ ಬೇಕೇ ಬೇಕು, ಕರಾವಳಿಯಲ್ಲಿ ಅದಕ್ಕೆ ಮುರುಗಲಿನ ಸೋಲ್ ಕಡಿ ಇದ್ದೇ ಇದೆ. ಆದರೆ ಮೇ ತಿಂಗಳಲ್ಲಿ ಘಟ್ಟದ ಮೇಲಿನವರ ಅಪ್ಪೆಹುಳಿಯನ್ನು ಒಮ್ಮೆ ಪ್ರಯತ್ನಿಸಿ ನೋಡಿ. ಹುಳಿಮಾವಿನಕಾಯಿಯನ್ನು ಬೇಯಿಸಿ, ಕಿವುಚಿ, ಸೋಸಿ, ಧಾರಾಳವಾಗಿ ನೀರು, ಉಪ್ಪು, ಚೂರು ಬೆಲ್ಲ ಹಾಕಿ, ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟು ತಣಿಸಿದರೆ ಆಯಿತು. ಶಿರಸಿಯ ಹವ್ಯಕರ ಮನೆಯ ಈ ಸಾರಿಗೂ ಹಂದಿಯ ಚರ್ಮಕ್ಕೂ ಏನು ಸಂಬಂಧ ಎಂದು ಅವರು ಕೇಳಿಯಾರು, ನಾಲಗೆಗೆ ಮಾತ್ರ ಸಂಬಂಧ ತಿಳಿಯುತ್ತದೆ. ಹಂದಿ ತಿನ್ನದ ಅತಿಥಿಗಳಿದ್ದರೆ ಅವರ ಅಡುಗೆ ಬೇರೆ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಆಗಿ, ಬೇರೆ ಮೇಜಿನಲ್ಲಿರಲಿ. ಅವರು ಕೇಳುವ ಮೊದಲೇ ಅದನ್ನು ಹೇಳಿಬಿಡಿ.

ಊಟವಾದ ಮೇಲೆ

ಉಳಿದ ಮಾಂಸ ಮೇಜಿನ ಮೇಲೆ ಸಂಜೆಯವರೆಗೆ ಇರಬಾರದು. ಕೊಯ್ದು ಒಂದು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಅಗಲವಾದ ತೆಳು ಡಬ್ಬಿಗಳಲ್ಲಿ ಫ್ರಿಜ್ಜಿಗೆ ಹಾಕಿದರೆ ಮೂರು ದಿನ ನಡೆಯುತ್ತದೆ, ಬಳಸುವಾಗ ಹಬೆಯಾಡುವಷ್ಟು ಬಿಸಿ ಮಾಡಬೇಕು. ತಲೆ ಮತ್ತು ಮೂಳೆಗಳನ್ನು ವಿನೆಗರ್, ಕಾಳುಮೆಣಸಿನೊಡನೆ ಕುದಿಸಿ ಮರುದಿನ ಸಾರು ಮಾಡಬಹುದು. ಎಲೆಯಲ್ಲಿ ಬಿಟ್ಟ ಚೂರುಗಳನ್ನು ಹಂದಿ ಸಾಕುವವರಿಗೆ ಕೊಡುವ ರೂಢಿಯನ್ನು ಬಿಡಬೇಕು. ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ತಗಲುವುದಿಲ್ಲ, ಆದರೆ ಹಂದಿಮಾಂಸದ ಎಂಜಲಿನ ಮೂಲಕ ಇಡೀ ಹಿಂಡನ್ನೇ ಕೊಲ್ಲಬಲ್ಲದು. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಾಣಿಸಿಕೊಂಡ ಆ ರೋಗ ಈಗ ದೇಶದ ಹಲವು ಕಡೆ ಬಂದುಹೋಗಿದೆ. ಮೂಳೆ ಮತ್ತು ಎಂಜಲನ್ನು ಮೂರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದರೆ ನಾಯಿ, ನರಿಗಳು ಕೆದರುವುದಿಲ್ಲ.

ಒಲೆಯ ಕೆಂಡಕ್ಕೆ ಸಂಜೆ ನೀರು ಸುರಿಯುವ ಅಗತ್ಯವಿಲ್ಲ, ಕಾದ ಚಿರೆಕಲ್ಲಿಗೆ ತಣ್ಣೀರು ಬಿದ್ದರೆ ಅದು ಬಿರುಕು ಬಿಡುತ್ತದೆ. ಕೆಂಡದ ಮೇಲೆ ಮರಳು ಮುಚ್ಚಿ, ತಗಡು ಹಾಕಿ, ಹಗ್ಗವನ್ನು ಹಾಗೆಯೇ ಬಿಟ್ಟು, ಮರುದಿನ ಕೈ ಹಿಡಿದು ನೋಡಿ ತಣಿದಿದೆ ಎಂದು ಖಚಿತವಾದ ಮೇಲೆಯೇ ಕಲ್ಲುಗಳನ್ನು ಬಿಚ್ಚಿ. ಜಾಲರಿಯನ್ನು ಬೂದಿ ಹಾಕಿ ತಿಕ್ಕಿ, ಒಣಗಿಸಿ, ತೆಂಗಿನೆಣ್ಣೆ ಸವರಿ ಅಟ್ಟದ ಮೇಲಿಡಬೇಕು. ಎಣ್ಣೆ ಸವರದೆ ಇಟ್ಟರೆ ಒಂದೇ ಮಳೆಗಾಲಕ್ಕೆ ತುಕ್ಕು ಅದನ್ನು ತಿಂದುಬಿಡುತ್ತದೆ.